ಧ್ರುವವಲ್ಲದ ಧ್ರುವ

ಪದಗಳ ನಡುವೆಯೇ ಬಾಳಿ ನಿವೃತ್ತನಾದವನು ನಾನು. ಆದುದರಿಂದ ಈ ಹೊತ್ತಿನ ಮಾತನ್ನೂ ಒಂದು ಪದದಿಂದಲೇ ತೊಡಗಲು ಕೇಳುಗ ಮಹನೀಯರು ಅಪ್ಪಣೆ ಕೊಡಬೇಕು. 'ಧ್ರುವ' ಎಂದರೆ ಅಲುಗದುದು, ಸ್ಥಿರವಾದುದು. ಮದುವೆಯ ರಾತ್ರಿ ವಧೂವರರಿಗೆ ತೋರಿಸುವ ನಕ್ಷತ್ರಕ್ಕೆ ಆ ಹೆಸರು ಬಂದುದು ಈ ಗುಣದಿಂದಲೇ. ಭೂಮಿ ತಿರುಗುವ ಅಕ್ಷದ ಎರಡು ತುದಿಗಳನ್ನೂ ನಮ್ಮವರು ಧ್ರುವಗಳೆಂದು ಕರೆದರು, ಒಪ್ಪುವ ಮಾತು. ಆದರೆ ಕಾಂತಸೂಜಿಯೊಂದನ್ನು ಎತ್ತ ಬೇಕಾದರೂ ತಿರುಗುವಂತೆ ತೂಗುಹಾಕಿದಾಗ ಅದು ನೆಟ್ಟಗೆ ಕೆಳಮುಖವಾಗಿ ನಿಲ್ಲುವ ತಾಣವೊಂದು ಉತ್ತರದಲ್ಲಿದೆಯಷ್ಟೆ, ಅದಕ್ಕೂ ಇದೇ ಹೆಸರನ್ನು ತೊಡಿಸಿ 'ಕಾಂತಧ್ರುವ' ಎಂದುಬಿಟ್ಟರು. ಇಲ್ಲಿ ಹೆಸರಿಗೂ ನಡತೆಗೂ ತಾಳಮೇಳವಿಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ನಾವಿಕ ಈ ತಾಣವನ್ನು ಕೆನಡದ ಉತ್ತರದಂಚಿನ ಬೂತಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದ. 1904ರಲ್ಲಿ ಅಮುಂಡ್ಸೆನ್ ಅಲ್ಲಿಗೆ ಹೋದಾಗ ಅದು ಜಾಗ ಬಿಟ್ಟು ಸರಿದಿತ್ತು. ಇಪ್ಪತ್ತನೆಯ ಶತಮಾನದ ಬಹುಭಾಗ ವರ್ಷಕ್ಕೆ ಹತ್ತು ಹದಿನೈದು ಕಿಲೊಮೀಟರಿನಂತೆ ನಡೆದ ಅದು, ಆ ಶತಮಾನ ಮುಗಿಯುವ ಹೊತ್ತಿಗೆ ಓಟ ಕಿತ್ತು ವರ್ಷಕ್ಕೆ 50 ಕಿಲೊಮೀಟರಿಗೂ ಮೀರಿ ಧಾವಿಸತೊಡಗಿತು. 2017ರ ಕೊನೆಗೆ ಅಂತರರಾಷ್ಟ್ರೀಯ ದಿನಾಂಕರೇಖೆಯನ್ನು ದಾಟಿ ಸೈಬೀರಿಯದ ದಾರಿ ಹಿಡಿಯಿತು. ಇಂಥ ಅಲೆಮಾರಿಗೆ ಧ್ರುವನ ಹೆಸರು!

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಆಕೆ ಒಂದು ಪತ್ರ ಬರೆದಳು. ಭೂಮಿಯ ಕಾಂತಧ್ರುವಗಳು ಸದ್ಯದಲ್ಲೇ ತಲೆಕೆಳಗಾಗುವುವೆಂದೂ ಆಗ ಪ್ರಳಯವಾಗುವುದೆಂದೂ ಮಕ್ಕಳು ಎಲ್ಲಿಯೋ ನೋಡಿಕೊಂಡು ಬಂದಿದ್ದಾರೆ. ಒಬ್ಬ ಹುಡುಗನಂತೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನೇನು ಹೇಳಲಿ, ಸರ್, ಎಂದು ಕೇಳಿದ್ದಳು. ನನಗೆ ಉತ್ತರ ತಿಳಿದಿರಲಿಲ್ಲ. ಉತ್ತರ ತಿಳಿದಿದ್ದ ಒಬ್ಬರು ನನ್ನ ಬಳಿಯೇ ಇದ್ದರು, ಅವರು ಇಂದಿಲ್ಲ. ಅವರ ಮಾತನ್ನು ಅಂದು ನಾನು ಅರ್ಧ ಕಿವಿಯಿಂದ ಕೇಳಿದ್ದೆ.

ಅವರು ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರು. 1990ರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳ ಪ್ರವಾಸವೊಂದಕ್ಕೆ ನಾವಿಬ್ಬರೂ ಬಿಜಾಪುರಕ್ಕೆ, ಇಂದಿನ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟದ ನೆರಳಿನಲ್ಲಿ ನಾನು ಹುಡುಗರಿಗೆ ಆದಿಲ್‌ಶಾಹಿಗಳ ವಿಚಾರ ಹೇಳಿ ಮುಗಿಸಿದ ಮೇಲೆ ಅವರು ನನ್ನನ್ನು ಊರಾಚೆಯ ಒಂದು ಕಲ್ಲುಗಣಿಗೆ ಕರೆದೊಯ್ದರು. ಅಲ್ಲಿ ಬಂಡೆಯೊಂದರ ಮೇಲೆ ದಿಕ್ಕು ನೋಡಿ ಶಾಯಿಯಿಂದ ಬಾಣದ ಗುರುತು ಹಾಕಿ, ಆಮೇಲೆ ಅಷ್ಟು ಭಾಗವನ್ನು ಉಳಿಯಿಂದ ಎಬ್ಬಿಸಿ ನನ್ನ ಕೈಗಿತ್ತು, "ಸರ, ನೀವು ಶಾಸನಾ ಓದಾವ್ರು. ಈ ಕಲ್ಲು ಒಂದೀಟ ಓದ್ರಿ ನೋಡೂಣು" ಎಂದರು. ಕಲ್ಲಿನ ಮೇಲೆ ಅಕ್ಷರವೇನೂ ಇರಲಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

ಬೆಳಗಾವಿಯಿಂದ ಬೀದರದವರೆಗಿನ ನಮ್ಮ ಉತ್ತರದ ಜಿಲ್ಲೆಗಳ ಬಹುಭಾಗಕ್ಕೆ ತಳಹದಿಯಾಗಿರುವ ಕರಿಕಲ್ಲು ಒಂದು ಕಾಲದಲ್ಲಿ ಕುದಿಯುವ ಶಿಲಾರಸವಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದು ಪದರ ಪದರವಾಗಿ ಹರಡಿದ ಈ ಕಲ್ಲನ್ನು ದಖನ್ ಟ್ರ್ಯಾಪ್ ಎನ್ನುತ್ತಾರೆ; ನಮ್ಮ ಎರೆಮಣ್ಣು ಅದರ ಮಗಳು. ಶಿಲಾರಸ ತಣಿಯುವಾಗ ಅದರೊಳಗಿನ ಕಬ್ಬಿಣಯುಕ್ತ ಖನಿಜದ ಕಣಗಳು ಒಂದು ಉಷ್ಣತೆಗಿಂತ ಕೆಳಗಿಳಿದೊಡನೆ ಆ ಹೊತ್ತಿಗೆ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕಿನ ಕಾಂತತೆಯನ್ನು ಹೊತ್ತುಕೊಂಡು ಹಾಗೆಯೇ ಹೆಪ್ಪುಗಟ್ಟುತ್ತವೆ. ಅದೇ ಆ ಕಲ್ಲಿನ ಶಾಸನ. ಬಾಣದ ಗುರುತು ಏಕೆಂದು ಆಗ ನನಗೆ ತಿಳಿಯಿತು. ಗೋಳಗುಮ್ಮಟದ ಗೋಡೆಯಲ್ಲಿರುವುದೂ ಇದೇ ಕಲ್ಲು, ಆದರೆ ಕಲ್ಲುಕುಟಿಗರು ಅದನ್ನು ತಿರುಗಿಸಿ ಮಗುಚಿ ಕೂರಿಸಿದ್ದಾರೆ. ಅದರ ದಿಕ್ಕಿನ ಸಾಕ್ಷ್ಯ ಹೋಯಿತು. ದೇವಾಲಯದಿಂದ ಕಿತ್ತು ತಂದು ಬಾವಿಯ ಮೆಟ್ಟಿಲಿಗೆ ಹಾಕಿದ ಶಾಸನದ ಗತಿ ಇದು. ಎದ್ದ ಸ್ಥಳದಲ್ಲಿಯೇ ಇರುವ ಬಂಡೆ ಮಾತ್ರ ನಿಜ ಹೇಳುತ್ತದೆ.

ಆ ಬಂಡೆಗಳು ಹೇಳುವುದೇನು? ದಖನ್ ಟ್ರ್ಯಾಪಿನ ಬಹುಪಾಲು ಬಂಡೆಗಳಲ್ಲಿ ಅಡಗಿರುವ ಸೂಜಿ ಇಂದಿನ ಉತ್ತರದತ್ತ ಅಲ್ಲ, ದಕ್ಷಿಣದತ್ತ ಮುಖಮಾಡಿದೆ. ಅವು ಹರಿದ ಕಾಲದಲ್ಲಿ ದಿಕ್ಸೂಚಿಯೊಂದನ್ನು ಹಿಡಿದಿದ್ದರೆ ಅದರ ಉತ್ತರದ ಮುಳ್ಳು ದಕ್ಷಿಣವನ್ನು ತೋರಿಸುತ್ತಿತ್ತು. ಹಾಗೆಯೇ ಆ ಸೂಜಿ ನೆಲದತ್ತ ಬಾಗಿರುವ ಕೋನದಿಂದ ಅಂದು ಈ ನೆಲ ಭೂಮಧ್ಯರೇಖೆಯಿಂದ ಎಷ್ಟು ದೂರವಿತ್ತೆಂಬುದನ್ನೂ ಲೆಕ್ಕ ಹಾಕಬಹುದು; ಲೆಕ್ಕ ಹಾಕಿದರೆ ದಕ್ಷಿಣ ಅಕ್ಷಾಂಶ 30 ಡಿಗ್ರಿಯ ಆಸುಪಾಸು ಬರುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಬ್ಲ್ಯಾಕೆಟ್ ಅವರ ತಂಡ ಈ ಕಲ್ಲುಗಳನ್ನು ಪರೀಕ್ಷಿಸಿದಾಗ ಭಾರತ ತೇಲಿಬಂದ ನಾಡು ಎಂಬ ಮಾತಿಗೆ ಬಲವಾದ ಪುರಾವೆ ದೊರೆತದ್ದು ಹೀಗೆ. ಅದೊಂದು ಬೇರೆಯೇ ಕಥೆ. ಇಂದು ಅದರ ಬೆನ್ನು ಹತ್ತುವಂತಿಲ್ಲ.

ಭೂಮಿಯೇ ಒಂದು ದೊಡ್ಡ ಸೂಜಿಗಲ್ಲು ಎಂದು 1600ರಲ್ಲಿ ಗ್ರಂಥಮುಖೇನ ಸಾರಿದವನು ವಿಲಿಯಂ ಗಿಲ್ಬರ್ಟ್ ಎಂಬ ಆಂಗ್ಲ ವೈದ್ಯ. ಸೂಜಿಗಲ್ಲನ್ನು ಚೆಂಡಿನಂತೆ ಕಡೆದು, ಅದರ ಮೇಲೆ ಪುಟ್ಟ ಸೂಜಿಗಳನ್ನು ಚಲಿಸಿ, ಕಡಲಿನ ಮೇಲೆ ನಾವಿಕರ ದಿಕ್ಸೂಚಿ ವರ್ತಿಸುವಂತೆಯೇ ಅವೂ ವರ್ತಿಸುವುದನ್ನು ಆತ ತೋರಿಸಿದ. ಸೊಗಸಾದ ಪ್ರಯೋಗ. ದಿಕ್ಸೂಚಿಯು ನಿಜವಾದ ಉತ್ತರದಿಂದ ಸ್ವಲ್ಪ ಓರೆಯಾಗಿ ನಿಲ್ಲುವುದು ಆಗಲೇ ತಿಳಿದಿತ್ತು. ಈ ಓರೆಗೆ ದಿಕ್ಪಾತ ಎಂದು ಹೆಸರು. ಒಂದು ಊರಿನ ದಿಕ್ಪಾತ ಎಂದಿಗೂ ಬದಲಾಗದೆಂದು ಗಿಲ್ಬರ್ಟ್ ನಂಬಿದ್ದ. ಕಲ್ಲು ಎಂದಮೇಲೆ ಬದಲಾಗುವುದುಂಟೆ? ಅವನ ಗ್ರಂಥ ಹೊರಬಂದು 35 ವರ್ಷಕ್ಕೆ, 1635ರಲ್ಲಿ, ಹೆನ್ರಿ ಗೆಲಿಬ್ರಾಂಡ್ ಎಂಬ ಪಂಡಿತ ಆ ನಂಬಿಕೆಯನ್ನು ಮುರಿದ. 1580ರಲ್ಲಿ ಲಂಡನ್ನಿನಲ್ಲಿ ಸೂಜಿ ಪೂರ್ವಕ್ಕೆ ಸುಮಾರು 11 ಡಿಗ್ರಿ ವಾಲಿತ್ತು. ಗೆಲಿಬ್ರಾಂಡ್ ಅಳೆದಾಗ ಕೇವಲ 4 ಡಿಗ್ರಿ. ಮುಂದೆ ಅದು ನೆಟ್ಟಗಾಗಿ, ಪಶ್ಚಿಮಕ್ಕೆ ಹೊರಳಿ, 1820ರ ಸುಮಾರಿಗೆ 24 ಡಿಗ್ರಿಗೆ ಮುಟ್ಟಿ, ಅಲ್ಲಿಂದ ಮರಳತೊಡಗಿ, 2019ರ ಸುಮಾರಿಗೆ ಗ್ರೀನಿಚ್ಚಿನಲ್ಲಿ ಮತ್ತೆ ಸೊನ್ನೆಗೆ ಬಂತು. ಇದನ್ನು ಕೇಳಿದರೆ ಲೋಲಕದಂತೆ ತೂಗುತ್ತಿದೆ, ಮುಂದಿನ ತೂಗನ್ನು ಲೆಕ್ಕ ಹಾಕಬಹುದು ಎನಿಸುತ್ತದಲ್ಲವೆ? ಹಾಗೆ ಎಣಿಸಿದವರು ಹಲವರಿದ್ದರು. ಎಲ್ಲರೂ ಸೋತರು.

ಧೂಮಕೇತುವಿನಿಂದ ಹೆಸರಾದ ಹ್ಯಾಲಿಯೂ ಇದಕ್ಕೆ ತಲೆ ಕೊಟ್ಟಿದ್ದ. ಭೂಮಿಯ ಒಳಗೆ ಚಿಪ್ಪಿನೊಳಗೆ ಚಿಪ್ಪಿನಂತೆ ಬೇರೆ ಬೇರೆ ಗೋಳಗಳಿವೆ, ಒಳಗಿನದು ಹೊರಗಿನದಕ್ಕಿಂತ ತುಸು ನಿಧಾನವಾಗಿ ತಿರುಗುತ್ತದೆ, ಸೂಜಿಯ ಅಲೆದಾಟಕ್ಕೆ ಅದೇ ಕಾರಣ ಎಂದು 1692ರಲ್ಲಿ ಊಹಿಸಿದ. ಊಹೆಯ ವಿವರ ತಪ್ಪು. ಆದರೆ ಒಳಗೆ ಏನೋ ಚಲಿಸುತ್ತಿದೆ ಎಂಬ ಹೊಳಹು ನೂರಕ್ಕೆ ನೂರು ಸರಿ.

ಆ 'ಏನೋ' ಯಾವುದೆಂಬುದು ತಿಳಿಯಲು ಇನ್ನೂ ಎರಡು ಶತಮಾನ ಬೇಕಾಯಿತು. ಅಸ್ಸಾಮಿನ 1897ರ ಮಹಾಭೂಕಂಪವನ್ನು ಅಭ್ಯಸಿಸಿದ್ದ ಓಲ್ಡ್‌ಹ್ಯಾಮ್ ಎಂಬ ಭೂವಿಜ್ಞಾನಿ 1906ರಲ್ಲಿ ಭೂಕಂಪದ ಅಲೆಗಳ ನಡೆಯಿಂದ ಭೂಮಿಗೊಂದು ತಿರುಳಿದೆಯೆಂದು ತೋರಿಸಿಕೊಟ್ಟ. ಆ ತಿರುಳಿನ ಹೊರಭಾಗ ದ್ರವವೆಂದೂ ಒಳಗೊಂದು ಘನವಾದ ಗಟ್ಟಿಯಿದೆಯೆಂದೂ ಮುಂದಿನ ದಶಕಗಳಲ್ಲಿ ಖಚಿತವಾಯಿತು. ನಮ್ಮ ಕಾಲ ಕೆಳಗೆ 2,900 ಕಿಲೊಮೀಟರ್ ಇಳಿದರೆ ಕರಗಿದ ಕಬ್ಬಿಣದ ಕಡಲು. ಅದರ ಆಳ 2,200 ಕಿಲೊಮೀಟರಿಗೂ ಹೆಚ್ಚು. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ಸಿಗೆ ಕಾದರೆ ತನ್ನ ಸೂಜಿಗಲ್ಲಿನ ಗುಣವನ್ನು ಕಳೆದುಕೊಳ್ಳುತ್ತದೆ. ಅಲ್ಲಿನ ಕಾವಾದರೋ ಸಾವಿರಾರು ಡಿಗ್ರಿ. ಅಂದಮೇಲೆ ಭೂಮಿ ಗಿಲ್ಬರ್ಟ್ ತಿಳಿದಂತೆ ಸೂಜಿಗಲ್ಲು ಆಗಿರುವುದು ಅಸಾಧ್ಯ. ಮತ್ತೇನು? ಅದೊಂದು ಯಂತ್ರ. ನಮ್ಮ ಶಿವನಸಮುದ್ರದಲ್ಲಿ 1902ರಿಂದ ತಿರುಗುತ್ತಿರುವ ವಿದ್ಯುಜ್ಜನಕದ ದೂರದ ಸಂಬಂಧಿ.

ಕಾಂತಕ್ಷೇತ್ರದಲ್ಲಿ ಲೋಹ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ; ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಒಂದು ಇನ್ನೊಂದನ್ನು ಸಾಕುತ್ತದೆ. ಭೂಮಿಯ ತಿರುಳಿನಲ್ಲಿ ಒಳಗಿನ ಕಾವಿನಿಂದಲೂ, ಒಳಗಟ್ಟಿ ಮೆಲ್ಲಮೆಲ್ಲನೆ ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಹಗುರವಾದ ಧಾತುಗಳಿಂದಲೂ ದ್ರವಲೋಹ ಮೇಲೇರುತ್ತದೆ, ತಣಿದು ಕೆಳಗಿಳಿಯುತ್ತದೆ. ಭೂಮಿಯ ಪರಿಭ್ರಮಣೆ ಅದನ್ನು ಸುರುಳಿಸುತ್ತದೆ. ಈ ಹರಿವಿನ ವೇಗ ಸೆಕೆಂಡಿಗೆ ಅರ್ಧ ಮಿಲಿಮೀಟರಿನ ಅಂದಾಜು, ಬಸವನಹುಳುವಿಗಿಂತಲೂ ಮಂದ. ಆದರೂ ಅದು ನಿಂತರೆ ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಕಾಂತಕ್ಷೇತ್ರ ಕರಗಿಹೋಗುತ್ತದೆ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಬಂಡೆಗಳಲ್ಲಿ ಅದರ ಗುರುತಿರುವುದರಿಂದ ಯಂತ್ರ ನಿಂತಿಲ್ಲವೆಂಬುದು ಸಿದ್ಧ.

ಈ ಯಂತ್ರದ ನಿಯಮಗಳಲ್ಲಿ ಒಂದು ವಿಚಿತ್ರವಾದ ನಿಷ್ಪಕ್ಷಪಾತವಿದೆ. ಅದೇ ಹರಿವು, ಅದೇ ಕಾವು. ಕಾಂತಕ್ಷೇತ್ರದ ದಿಕ್ಕನ್ನು ಮಾತ್ರ ಎಲ್ಲ ಕಡೆಯೂ ತಿರುವುಮುರುವು ಮಾಡಿದರೆ ಸಮೀಕರಣಗಳು ಆಕ್ಷೇಪವೆತ್ತುವುದಿಲ್ಲ. ಉತ್ತರಾಭಿಮುಖವೂ ಸರಿ, ದಕ್ಷಿಣಾಭಿಮುಖವೂ ಸರಿ. ಅಂದರೆ ಕ್ಷೇತ್ರ ತಲೆಕೆಳಗಾಗುವುದಕ್ಕೆ ನಿಸರ್ಗದ ಅನುಮತಿ ಸದಾ ಇದೆ. ತಲೆಕೆಳಗಾಗಿತ್ತೆಂಬುದಕ್ಕೆ ಫ್ರಾನ್ಸಿನ ಜ್ವಾಲಾಮುಖಿ ನಾಡಿನಲ್ಲಿ ಬ್ರೂನ್ 1906ರಲ್ಲಿ ಸಾಕ್ಷ್ಯ ಕಂಡ; 1929ರಲ್ಲಿ ಜಪಾನಿನ ಮಾತುಯಾಮ ಅದನ್ನು ಬಲಪಡಿಸಿದ. ಬಹುಕಾಲ ಯಾರೂ ನಂಬಲಿಲ್ಲ, ಕಲ್ಲುಗಳಲ್ಲೇ ಏನೋ ದೋಷವಿರಬೇಕೆಂದರು. 1960ರ ದಶಕದಲ್ಲಿ ಬಂಡೆಗಳ ವಯಸ್ಸನ್ನು ನಿಖರವಾಗಿ ತಿಳಿಯುವ ಉಪಾಯ ಕೈಗೆ ಬಂದಮೇಲೆ, ಲೋಕದ ಯಾವ ಮೂಲೆಯಲ್ಲಾದರೂ ಒಂದೇ ವಯಸ್ಸಿನ ಕಲ್ಲುಗಳು ಒಂದೇ ಸಾಕ್ಷ್ಯ ನುಡಿಯುವುದು ಕಂಡು ಎಲ್ಲರೂ ಒಪ್ಪಿದರು.

ಹಾಗಾದರೆ ಈ ಹೊರಳುವಿಕೆಗೆ ಹೊರಗಿನ ಪೆಟ್ಟು ಬೇಕೆ? ಉಲ್ಕೆಯೋ, ಮಹಾಕಂಪವೋ? ಬೇಕಿಲ್ಲ ಎಂಬುದನ್ನು ಒಂದು ಆಟಿಕೆ ತೋರಿಸಿತು. 1955ರಲ್ಲಿ ಬುಲ್ಲಾರ್ಡ್ ಕಾಗದದ ಮೇಲೊಂದು ಯಂತ್ರ ಕಟ್ಟಿದ: ತಿರುಗುವ ತಾಮ್ರದ ಒಂದು ತಟ್ಟೆ, ಅದರಲ್ಲಿ ಹುಟ್ಟಿದ ವಿದ್ಯುತ್ತು ಒಂದು ಸುರುಳಿತಂತಿಯಲ್ಲಿ ಹರಿದು ತಟ್ಟೆಗೆ ಬೇಕಾದ ಕಾಂತಕ್ಷೇತ್ರವನ್ನು ತಾನೇ ಒದಗಿಸುತ್ತದೆ. ಒಂದೇ ತಟ್ಟೆಯ ಈ ಸಂಸಾರ ಏರಿಳಿಯುತ್ತದೆ, ಆದರೆ ದಿಕ್ಕು ಬದಲಿಸುವುದಿಲ್ಲ. 1958ರಲ್ಲಿ ಜಪಾನಿನ ರಿಕಿತಾಕೆ ಅಂಥ ಎರಡು ತಟ್ಟೆಗಳನ್ನು ಜೋಡಿಸಿ, ಒಂದರ ವಿದ್ಯುತ್ತು ಇನ್ನೊಂದರ ಸುರುಳಿಗೆ ಹೋಗುವಂತೆ ಮಾಡಿದ. ಎರಡು ಮನೆಯ ಬೀಗರು ಒಬ್ಬರ ಹಿಡಿತದಲ್ಲಿ ಒಬ್ಬರಿದ್ದಂತೆ. ಅಷ್ಟಕ್ಕೇ ಅದರ ಸ್ವಭಾವ ಬೇರೆಯಾಯಿತು. ವಿದ್ಯುತ್ತು ಒಂದು ದಿಕ್ಕಿನಲ್ಲಿ ಏರಿಳಿದು ಏರಿಳಿದು, ಒಮ್ಮೆಗೇ ಎದುರು ದಿಕ್ಕಿಗೆ ಹೊರಳುತ್ತದೆ. ಅಲ್ಲಿ ಮೂರು ಸಲ ತೂಗಿ ಮರಳಬಹುದು, ಮೂವತ್ತು ಸಲ ತೂಗಿ ಮರಳಬಹುದು. ಹೊರಗಿನಿಂದ ಯಾರೂ ಮುಟ್ಟಿಲ್ಲ. ಅದರ ನಿಯಮಗಳು ನಾಲ್ಕು ಸಾಲಿನಲ್ಲಿ ಬರೆದು ಮುಗಿಯುವಷ್ಟು. ಅವುಗಳಲ್ಲಿ ಅದೃಷ್ಟಕ್ಕೆ ಎಳ್ಳಷ್ಟೂ ಎಡೆಯಿಲ್ಲ. ಆದರೂ ಮುಂದಿನ ಹೊರಳು ಯಾವಾಗ ಎಂಬುದನ್ನು ಹಿಂದಿನ ಹೊರಳುಗಳ ಪಟ್ಟಿ ನೋಡಿ ಹೇಳಲಾಗದು.

ಕೆಲವೇ ವರ್ಷಗಳ ತರುವಾಯ ಅಮೆರಿಕದ ಹವಾಮಾನ ಶಾಸ್ತ್ರಜ್ಞ ಎಡ್ವರ್ಡ್ ಲೊರೆಂಜ್ ಬೇರೆ ದಾರಿಯಿಂದ ಇದೇ ಊರಿಗೆ ಬಂದ. ಗಣಕಯಂತ್ರದಲ್ಲಿ ಹವೆಯ ಲೆಕ್ಕವೊಂದನ್ನು ಮತ್ತೆ ಮಾಡಿಸುವಾಗ 0.506127 ಎಂದು ಕೊಡಬೇಕಾದಲ್ಲಿ 0.506 ಎಂದು ಕೊಟ್ಟ. ಸಾವಿರದಲ್ಲೊಂದು ಪಾಲಿಗಿಂತ ಕಡಮೆ ವ್ಯತ್ಯಾಸ. ಮೊದಮೊದಲು ಎರಡು ಲೆಕ್ಕಗಳೂ ಜೊತೆಯಾಗಿಯೇ ನಡೆದವು. ಬರಬರುತ್ತ ಅಗಲಿ, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. 1963ರಲ್ಲಿ ಆತ ಪ್ರಕಟಿಸಿದ ಲೇಖನದಿಂದ ಇಂದು 'ಕೇಯಾಸ್' ಎಂದು ಹೆಸರಾದ ಶಾಸ್ತ್ರ ಬೆಳೆಯಿತು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? 'ಅವ್ಯವಸ್ಥೆ' ಎಂದು ಬರೆಯುವವರಿದ್ದಾರೆ. ನನಗೆ ಸಮ್ಮತವಲ್ಲ. ವ್ಯವಸ್ಥೆ ಇದೆ, ಕಟ್ಟುನಿಟ್ಟಾಗಿಯೇ ಇದೆ. 'ಯಾದೃಚ್ಛಿಕ' ಎಂದರೆ ಇನ್ನೂ ತಪ್ಪು; ಅದು ಕವಡೆ ಬಿಟ್ಟಾಗಿನ ಮಾತು. ಬಹಳ ಯೋಚಿಸಿದ ಮೇಲೆ ನನಗೆ 'ಗೊಂದಲ' ಎಂಬ ಆಡುಮಾತೇ ಹಿತವೆನಿಸಿತು. ಉತ್ತರ ಕರ್ನಾಟಕದವರಿಗೆ ಗೊತ್ತು, ಗೊಂದಲ ಎಂಬುದು ಅಂಬಾಭವಾನಿಯ ಒಂದು ಆಚರಣೆಯ ಹೆಸರೂ ಹೌದು. ಗೊಂದಲಿಗರು ರಾತ್ರಿಯಿಡೀ ಸಂಬಾಳ ಬಾರಿಸಿ ಹಾಡಿ ಕುಣಿಯುವುದನ್ನು ದೂರದಿಂದ ಕೇಳಿದವನಿಗೆ ಅದು ಬರಿಯ ಗದ್ದಲ. ಹತ್ತಿರ ಕುಳಿತವನಿಗೆ ಅದರ ಕ್ರಮ, ಅದರ ಸರದಿ, ಅದರ ಕಟ್ಟಲೆ ತಿಳಿಯುತ್ತದೆ. ಕಟ್ಟಲೆಯುಳ್ಳ ಗೊಂದಲ, ಭೂಮಿಯ ತಿರುಳಿನಲ್ಲಿ ನಡೆದಿರುವುದು ಅದೇ. ಪಾರಿಭಾಷಿಕ ಪದಕೋಶದವರು ಒಪ್ಪುವರೋ ಬಿಡುವರೋ ನಾನರಿಯೆ.

ಬಿಸಿಲೆಯ ಘಟ್ಟದ ನೆತ್ತಿಯಲ್ಲಿ ಬೀಳುವ ಮಳೆಹನಿಯ ಉಪಮೆಯನ್ನು ಇಲ್ಲಿ ತರಬಹುದು. ಗೇಣುದ್ದ ಇತ್ತ ಬಿದ್ದರೆ ಅರಬ್ಬಿ ಸಮುದ್ರ, ಅತ್ತ ಬಿದ್ದರೆ ಬಂಗಾಳ ಕೊಲ್ಲಿ. ಆದರೆ ಆ ಹನಿಯ ಹಣೆಬರಹ ಒಮ್ಮೆಗೇ ತೀರ್ಮಾನವಾಯಿತು. ಗೊಂದಲದಲ್ಲಿ ಹಾಗಲ್ಲ, ಘಟ್ಟದ ಮೇಲೆ ಘಟ್ಟ, ನೆತ್ತಿಯ ಮೇಲೆ ನೆತ್ತಿ ಎದುರಾಗುತ್ತಲೇ ಇರುತ್ತದೆ, ಪ್ರತಿಸಲವೂ ಗೇಣಿನ ಲೆಕ್ಕ. ಮೊದಲಿನ ಸಣ್ಣ ತಪ್ಪು ಚಕ್ರಬಡ್ಡಿಯಂತೆ ಬೆಳೆಯುತ್ತದೆ.

ಬಡ್ಡಿಯ ದರ ಎಷ್ಟೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ, ನಮ್ಮ ಲೋಕದ ಎಲ್ಲ ಮುನ್ನರಿವೂ ಅದರ ಮೇಲೆ ನಿಂತಿದೆ. ಹವೆಯಲ್ಲಿ ತಪ್ಪು ಕೆಲವೇ ದಿನಗಳಲ್ಲಿ ದುಪ್ಪಟ್ಟಾಗುತ್ತದೆ. ಎರಡು ವಾರದಾಚೆ ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಹೇಳುವುದು ಸಾಹಸ. ಗ್ರಹಗಳ ಚಲನೆಯಲ್ಲಿಯೂ ಗೊಂದಲವಿದೆ ಎಂದು ಫ್ರಾನ್ಸಿನ ಲಾಸ್ಕರ್ 1989ರಲ್ಲಿ ತೋರಿಸಿದ. ಅಲ್ಲಿ ತಪ್ಪು ಎರಡು ಮೂರು ಪಟ್ಟಾಗಲು ಐವತ್ತು ಲಕ್ಷ ವರ್ಷ ಬೇಕು. ಪಂಚಾಂಗದವರು ಗ್ರಹಣದ ಸ್ಪರ್ಶಕಾಲವನ್ನು ಗಳಿಗೆ ವಿಗಳಿಗೆಗೆ ಹೇಳಬಲ್ಲುದು ಆ ಅಗ್ಗದ ಬಡ್ಡಿಯ ದೆಸೆಯಿಂದ. ಭೂಮಿಯ ಕಾಂತಕ್ಷೇತ್ರಕ್ಕೆ? ಫ್ರಾನ್ಸಿನ ಹ್ಯೂಲೊ, ಲುಯಿಲಿಯೆ, ಓಬೇರ್ ಎಂಬ ವಿಜ್ಞಾನಿಗಳು 2010ರಲ್ಲಿ ಗಣಕಯಂತ್ರದ ಮಾದರಿಗಳಿಂದ ಇದನ್ನು ಅಂದಾಜು ಮಾಡಿದರು. ಸುಮಾರು 30 ವರ್ಷಕ್ಕೊಮ್ಮೆ ತಪ್ಪು 2.7 ಪಟ್ಟಾಗುತ್ತದೆ, ಅಂದರೆ ಇಪ್ಪತ್ತು ಇಪ್ಪತ್ತೊಂದು ವರ್ಷಕ್ಕೆ ದುಪ್ಪಟ್ಟು. ಇಂದು ನಮ್ಮ ತಿಳಿವಿನಲ್ಲಿ ನೂರಕ್ಕೆ ಒಂದು ಪಾಲು ತಪ್ಪಿದ್ದರೆ 60 ವರ್ಷಕ್ಕೆ ಅದು ಏಳಾಗುತ್ತದೆ, 90 ವರ್ಷಕ್ಕೆ ಇಪ್ಪತ್ತಾಗುತ್ತದೆ, 140 ವರ್ಷ ತುಂಬುವುದರೊಳಗೆ ನೂರಕ್ಕೆ ನೂರಾಗುತ್ತದೆ. ಅಲ್ಲಿಗೆ ಮುನ್ನರಿವು ಮುಗಿಯಿತು.

ಉಪಕರಣಗಳನ್ನು ಉತ್ತಮಪಡಿಸಿದರಾಯಿತಲ್ಲ ಎನ್ನಬಹುದು. ಹತ್ತು ಪಟ್ಟು ಉತ್ತಮಪಡಿಸೋಣ. ಈ ಲೆಕ್ಕದಲ್ಲಿ ದೊರೆಯುವ ಲಾಭ ಎಪ್ಪತ್ತು ವರ್ಷ, ಅಷ್ಟೇ. ಇನ್ನೂ ಹತ್ತು ಪಟ್ಟು ಮಾಡಿದರೆ ಇನ್ನೊಂದು ಎಪ್ಪತ್ತು. ಸಾವಿರಾರು ವರ್ಷದಾಚೆಯ ಹೊರಳನ್ನು ಈ ದಾರಿಯಲ್ಲಿ ನಡೆದು ಮುಟ್ಟುವಂತಿಲ್ಲ. ಅದೂ ಅಲ್ಲದೆ ತಿರುಳನ್ನು ನಾವು ಇಣುಕಿ ನೋಡುವುದು 2,900 ಕಿಲೊಮೀಟರ್ ಕಲ್ಲಿನ ಮೂಲಕ. ಅದರ ಮೇಲ್ಮೈಯ ದೊಡ್ಡ ದೊಡ್ಡ ಸುಳಿಗಳಷ್ಟೇ ಕಾಣುತ್ತವೆ. ಸಣ್ಣವನ್ನು ಭೂಮಿಯ ಹೊರಪದರದ ಬಂಡೆಗಳ ಕಾಂತತೆ ಮರೆಮಾಡುತ್ತದೆ. ಒಳಗಿನ ಆಳದಲ್ಲಿ ಏನಾಗುತ್ತಿದೆಯೋ ಅದು ಕಾಣುವುದೇ ಇಲ್ಲ.

ಮುನ್ನರಿವಿನ ಕಷ್ಟ ಎಷ್ಟೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. ಹಡಗು ವಿಮಾನಗಳಿಗೂ ನಮ್ಮ ಕೈಯ ಮೊಬೈಲ್ ದೂರವಾಣಿಗೂ ದಿಕ್ಪಾತದ ಲೆಕ್ಕ ಒದಗಿಸುವ 'ವಿಶ್ವ ಕಾಂತ ಮಾದರಿ' ಎಂಬುದನ್ನು ಅಮೆರಿಕ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಐದೈದು ವರ್ಷಕ್ಕೊಮ್ಮೆ ಹೊಸದಾಗಿ ಸಿದ್ಧಪಡಿಸುತ್ತಾರೆ. 2015ರಲ್ಲಿ ಬಂದದ್ದು 2019ರ ಕೊನೆಯವರೆಗೆ ಬಾಳಬೇಕಿತ್ತು. 2016ರಲ್ಲಿ ದಕ್ಷಿಣ ಅಮೆರಿಕದ ಅಡಿಯಲ್ಲಿ ತಿರುಳಿನ ಹರಿವು ಹಠಾತ್ತನೆ ಒಂದು ಜಗ್ಗು ಜಗ್ಗಿತು. ಉತ್ತರದಲ್ಲಿ ಧ್ರುವವಂತೂ ಓಡುತ್ತಲೇ ಇತ್ತು. ಮಾದರಿ ಅವಧಿಗೆ ಮುಂಚೆಯೇ ಕೆಟ್ಟಿತು. 2019ರ ಫೆಬ್ರವರಿಯಲ್ಲಿಯೇ ತಿದ್ದಿದ ಲೆಕ್ಕ ಹೊರಡಿಸಬೇಕಾಯಿತು. ಇಂಥ ಜಗ್ಗುಗಳು 1969ರಿಂದೀಚೆಗೆ ಹಲವು ಸಲ ಕಂಡಿವೆ. ಮುಂಚಿತವಾಗಿ ಒಂದನ್ನೂ ಯಾರೂ ಹೇಳಿರಲಿಲ್ಲ. ಧ್ರುವದ ಓಟಕ್ಕೆ ಮಾತ್ರ ಕಾರಣ ಕಂಡಿದೆ. ತಿರುಳಿನ ಮೇಲ್ಮೈಯಲ್ಲಿ ಕೆನಡದ ಅಡಿಯಲ್ಲೊಂದು, ಸೈಬೀರಿಯದ ಅಡಿಯಲ್ಲೊಂದು ಬಲವಾದ ಕಾಂತಪ್ರದೇಶಗಳಿವೆ. ಹಗ್ಗಜಗ್ಗಾಟದಲ್ಲಿ ಕೆನಡದ ಪಕ್ಷ ಸೋಲುತ್ತಿದೆ. ಈಗೀಗ ಓಟ ವರ್ಷಕ್ಕೆ 35 ಕಿಲೊಮೀಟರಿನ ಸುಮಾರಿಗೆ ಇಳಿದಿದೆ. ಅದೂ ಅನಿರೀಕ್ಷಿತವೇ.

ನಮ್ಮ ದೇಶವೂ ಈ ಕಾವಲಿನಲ್ಲಿ ಪಾಲುದಾರ. ಮುಂಬಯಿಯ ಕೊಲಾಬದಲ್ಲಿ 1841ರಿಂದ ಕಾಂತಸೂಜಿಯ ದಿನಚರಿ ಬರೆದಿಟ್ಟರು. ನಗರದಲ್ಲಿ ವಿದ್ಯುತ್ ಟ್ರಾಮ್ ಬರುವುದೆಂದಾಗ ಅದರ ವಿದ್ಯುತ್ತು ಸೂಜಿಯನ್ನು ಕೆಡಿಸೀತೆಂದು, ನಾನಾಭಾಯ್ ಮೂಸ್ ಅವರ ಮೇಲ್ವಿಚಾರಣೆಯಲ್ಲಿ 1904ರಲ್ಲಿ ವೇಧಶಾಲೆಯನ್ನು ಕಡಲಾಚೆಯ ಅಲಿಬಾಗಿಗೆ ಸಾಗಿಸಿದರು. ಒಂದು ಟ್ರಾಮಿಗಾಗಿ ವೇಧಶಾಲೆಯನ್ನೇ ಎತ್ತಿಟ್ಟ ಆ ಹಿರಿಯರ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಇಂಥ ದೀರ್ಘ ದಿನಚರಿಗಳಿಲ್ಲದಿದ್ದರೆ ತಿರುಳಿನ ಹರಿವಿನ ಬಗ್ಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಈಗ ಮಕ್ಕಳ ಭಯಕ್ಕೆ ಬರೋಣ. ಕೊನೆಯ ಪೂರ್ಣ ಹೊರಳು ನಡೆದು ಸುಮಾರು 7.8 ಲಕ್ಷ ವರ್ಷವಾಯಿತು. ಈಚಿನ ಕೆಲವು ದಶಲಕ್ಷ ವರ್ಷಗಳಲ್ಲಿ ಸರಾಸರಿ ಎರಡು ಮೂರು ಲಕ್ಷ ವರ್ಷಕ್ಕೊಂದು ಹೊರಳು. ಆದುದರಿಂದ 'ಸರದಿ ಮೀರಿದೆ, ಇನ್ನೇನು ಬಂತು' ಎಂಬುದು ಹೆದರಿಸುವವರ ವಾದ. ಇದು ಸರಾಸರಿಯನ್ನು ರೈಲಿನ ವೇಳಾಪಟ್ಟಿಯೆಂದು ಭ್ರಮಿಸಿದ್ದು. ಹೊರಳು ಹೊರಳಿನ ನಡುವಿನ ಅಂತರ ಕೆಲವೊಮ್ಮೆ ಕೆಲವು ಹತ್ತು ಸಾವಿರ ವರ್ಷ. 12 ಕೋಟಿ ವರ್ಷದ ಹಿಂದಿನಿಂದ 8.3 ಕೋಟಿ ವರ್ಷದ ಹಿಂದಿನವರೆಗೆ ಹೆಚ್ಚುಕಡಮೆ 3.7 ಕೋಟಿ ವರ್ಷ ಒಂದು ಹೊರಳೂ ಇಲ್ಲ. ಈ ದೀರ್ಘ ಏರಿಳಿತಕ್ಕೆ ತಿರುಳಿನ ಮೇಲಣ ಕವಚ ಕಾವನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದು ಕಾರಣವಿರಬಹುದು. ಹೊರಳು ಪದೇಪದೇ ಆಗುವ ಯುಗ ಇದೋ ಅಪರೂಪವಾಗುವ ಯುಗವೋ ಎಂಬುದನ್ನು ಹೇಳಲು ಸಾಧ್ಯ. ಮುಂದಿನದು ಎಂದು ಎಂಬುದನ್ನು ಹೇಳಲಾಗದು. ಮಳೆಗಾಲ ಆಷಾಢದಲ್ಲಿ ಜೋರು ಎನ್ನುವುದು ಬೇರೆ, ಬರುವ ಆಷಾಢದ ಏಕಾದಶಿಗೆ ಮಳೆಯೆನ್ನುವುದು ಬೇರೆ.

ಕ್ಷೇತ್ರ ಕ್ಷೀಣಿಸುತ್ತಿದೆ ಎಂಬುದು ಅವರ ಎರಡನೆಯ ವಾದ. ಮಾತು ನಿಜ. ಜರ್ಮನಿಯ ಗಾಸ್ 1830ರ ದಶಕದಲ್ಲಿ ಅಳೆಯಲು ಕಲಿಸಿದ ಮೇಲೆ ಈವರೆಗೆ ಅದರ ಮುಖ್ಯಭಾಗ ನೂರಕ್ಕೆ ಒಂಬತ್ತು ಹತ್ತರಷ್ಟು ಕುಗ್ಗಿದೆ. ಆದರೆ ಇಷ್ಟು ಕುಗ್ಗಿದ ಮೇಲೂ ಅದು ಕಳೆದ ಕೆಲವು ದಶಲಕ್ಷ ವರ್ಷಗಳ ಸರಾಸರಿಗಿಂತ ಬಲವಾಗಿಯೇ ಇದೆ. ಇಂಥ ಏರಿಳಿತ ಹಿಂದೆಯೂ ಬಂದು ಹೊರಳಿಲ್ಲದೆಯೇ ಹೋಗಿವೆ. ಮೂರನೆಯದು ಪ್ರಳಯದ ವಾದ. ಹೊರಳುವುದೆಂದರೆ ಒಂದು ಬೆಳಗಿನ ಕೆಲಸವಲ್ಲ. ಸಾವಿರಾರು ವರ್ಷ ಹಿಡಿಯುತ್ತದೆ. ಆ ಕಾಲದಲ್ಲಿ ಕ್ಷೇತ್ರ ದುರ್ಬಲವಾಗಿ, ಒಂದು ಉತ್ತರಕ್ಕೆ ಬದಲು ಹಲವು ಉತ್ತರಗಳು ಕಾಣಬಹುದು. 41,000 ವರ್ಷಗಳ ಹಿಂದೆ ಅಂಥದೊಂದು ಅರೆಹೊರಳು ನಡೆದು ಕ್ಷೇತ್ರ ಇಂದಿನದರ ಹತ್ತನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿದು ಮತ್ತೆ ಚೇತರಿಸಿಕೊಂಡಿತು. ನಮ್ಮ ಪೂರ್ವಜರು ಆಗ ಭೂಮಿಯ ಮೇಲಿದ್ದರು. ಅದಕ್ಕೆ ನಾವೇ ಸಾಕ್ಷಿ. ನೆತ್ತಿಯ ಮೇಲಿನ ಗಾಳಿಯ ಹೊದಿಕೆ ಪ್ರತಿ ಚದರ ಮೀಟರಿಗೆ ಹತ್ತು ಟನ್ ತೂಗುತ್ತದೆ. ಬಾಹ್ಯಾಕಾಶದ ಕಿರಣಗಳಿಗೆ ಅದು ಸಾಮಾನ್ಯ ತಡೆಯಲ್ಲ. ತೊಂದರೆಯೇ ಇಲ್ಲವೆಂದಲ್ಲ. ದಕ್ಷಿಣ ಅಟ್ಲಾಂಟಿಕ್ಕಿನ ಮೇಲೆ ಕ್ಷೇತ್ರ ಈಗಲೇ ಸೊರಗಿರುವುದರಿಂದ ಹಬಲ್ ದೂರದರ್ಶಕ ಆ ದಾರಿಯಲ್ಲಿ ಹಾಯುವಾಗ ವೀಕ್ಷಣೆ ನಿಲ್ಲಿಸುತ್ತದೆ. ಉಪಗ್ರಹಗಳಿಗೆ, ವಿದ್ಯುತ್ ಜಾಲಗಳಿಗೆ ಚಿಂತೆಯುಂಟು. ಆದರೆ ಅದು ಎಂಜಿನಿಯರರ ಚಿಂತೆ, ಊಟ ಬಿಡುವ ಹುಡುಗನದಲ್ಲ.

ಇನ್ನೊಂದು ಮಾತನ್ನು ಹೇಳದಿರಲಾರೆ. ವಿಜ್ಞಾನಿಗಳೇ ಮುಂದಿನದನ್ನು ಹೇಳಲಾರೆವೆಂದು ಒಪ್ಪಿಕೊಂಡರಲ್ಲ, ಹಾಗಾದರೆ ನಮ್ಮ ಭವಿಷ್ಯವಾಣಿಗೂ ಅಷ್ಟೇ ಬೆಲೆ ಎಂದು ಹೊರಡುವವರನ್ನು ನಾನು ಬಲ್ಲೆ. ಇದು ಕುತರ್ಕ. ತಿಳಿಯದು ಎನ್ನುವುದು ಒಂದು, ಎಷ್ಟು ವರ್ಷದವರೆಗೆ ತಿಳಿಯುತ್ತದೆ, ಅದರಾಚೆ ಏಕೆ ತಿಳಿಯದು ಎಂದು ಲೆಕ್ಕ ಹಾಕಿ ತೋರಿಸುವುದು ಇನ್ನೊಂದು. 1995ರಲ್ಲಿ ಗ್ಲಾಟ್ಸ್‌ಮಾಯರ್ ಮತ್ತು ರಾಬರ್ಟ್ಸ್ ಗಣಕಯಂತ್ರದಲ್ಲಿ ಕಟ್ಟಿದ ಭೂಮಿ, ಯಾರೂ ಹೇಳದೆ, ತನ್ನಷ್ಟಕ್ಕೆ ಹೊರಳಿತು. ಫ್ರಾನ್ಸಿನ ಕಾದರಾಶಿನಲ್ಲಿ ಕರಗಿದ ಸೋಡಿಯಮ್ಮನ್ನು ಎದುರುಬದುರಾಗಿ ತಿರುಗುವ ಎರಡು ತಟ್ಟೆಗಳಿಂದ ಕಡೆದಾಗ ಅಲ್ಲಿ ಹುಟ್ಟಿದ ಕ್ಷೇತ್ರವೂ ಹೊತ್ತುಗೊತ್ತಿಲ್ಲದೆ ಹೊರಳಿದ್ದನ್ನು 2007ರಲ್ಲಿ ವರದಿ ಮಾಡಿದರು. ರಿಕಿತಾಕೆಯ ಎರಡು ತಟ್ಟೆಗಳು ಐವತ್ತು ವರ್ಷಕ್ಕೆ ಕಾಗದದಿಂದ ಕಡೆಗೋಲಿಗೆ ಬಂದವು! ಇಷ್ಟನ್ನು ಮಾಡಿ ತೋರಿಸಿದವರ 'ಹೇಳಲಾರೆ'ಗೆ ಒಂದು ತೂಕವಿದೆ.

ನನ್ನ ಮಿತ್ರರು ನಿವೃತ್ತರಾಗುವಾಗ ಆ ಗಣಿಯ ಕಲ್ಲನ್ನು ನನಗೇ ಕೊಟ್ಟು, "ಇದನ್ನ ಕನ್ನಡದಾಗ ಬರೀರಿ, ಸರ" ಎಂದಿದ್ದರು. ಬರೆಯಲಿಲ್ಲ. ಇಷ್ಟು ವರ್ಷ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ತಡೆಯುತ್ತಿತ್ತು. ಅವರು ಉತ್ತರಕ್ಕೆ ಹಾಕಿದ ಬಾಣ ನಮ್ಮ ಅಡುಗೆಮನೆಯನ್ನು ತೋರಿಸುತ್ತಿತ್ತು. ಮೊನ್ನೆ ಆ ಉಪಾಧ್ಯಾಯಿನಿಗೆ ಮೇಲಿನ ಸಂಗತಿಗಳನ್ನೆಲ್ಲ ಬರೆದು, ಪತ್ರದೊಡನೆ ಕಲ್ಲನ್ನೂ ಕಳುಹಿಸಿಕೊಟ್ಟೆ. ಮಿತ್ರರ ಬಾಣ ಅಂದಿನ ಉತ್ತರ, ಕಲ್ಲಿನೊಳಗಿನ ಬಾಣ ಅದಕ್ಕೆ ಎದುರು. ಎರಡನ್ನೂ ಹುಡುಗರಿಗೆ ಹೇಳು ಎಂದು ತಿಳಿಸಿದ್ದೇನೆ. ಶಾಯಿ ಮಾಸುತ್ತ ಬಂದಿದ್ದುದರಿಂದ ಅಳಿಸದಿರಲೆಂದು ಬಾಣದ ಮೇಲೊಂದು ತೆಳುಗಾಗದ ಅಂಟಿಸಿದ್ದೇನೆ.